ವೀರಭದ್ರಪ್ಪ ಕೊಟ್ಟ ಜವಾಬು

ವೀರಭದ್ರಪ್ಪನಿಗೆ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಗಡಿಯಾಚೆ ಮರಾಠಿ ಸೀಮೆಯ ವಲಾಂಡಿಯಲ್ಲಿ ಅವನ ಮನೆತನಕ್ಕೆ ಹೆಸರಿತ್ತು, ಹೊಲದಲ್ಲಿ ಬಾವಿ ಇತ್ತು, ಕೊಟ್ಟಿಗೆಯಲ್ಲಿ ದೇವಣಿ ತಳಿಯ ಹಸುಗಳಿದ್ದವು. ಆದರೆ ಈಚೀಚೆಗೆ ಹೊಲ ಮಾಡಿಕೊಂಡಿರುವ ಗಂಡಿಗೆ ಹೆಣ್ಣು ಕೊಡುವವರೇ ಇಲ್ಲ. ಮನೆ ನೋಡಲು ಬಂದವರು ಹುಡುಗ ಏನು ಮಾಡುತ್ತಾನೆಂದು ಕೇಳಿ, ಚಹಾ ಕುಡಿದು, ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ನಲವತ್ತು ದಾಟಿದ ಮೇಲೆ ಅವರು ಬರುವುದೂ ನಿಂತಿತು. ವೀರಭದ್ರಪ್ಪನಿಗೆ ಅದರಿಂದ ಒಂದು ರೀತಿ ಹಗುರವೇ ಆಯಿತು. ನಾಲ್ಕು ಜನರ ಮುಂದೆ ಮಾತು ಬಾರದ ಮನುಷ್ಯ ಅವನು. ಅಣ್ಣ ವೈಜನಾಥ ಊರಿನ ಜೊತೆ ಮಾತಾಡುತ್ತಿದ್ದ, ಅತ್ತಿಗೆ ಬಡಿಸುತ್ತಿದ್ದಳು, ಅವರ ಒಬ್ಬಳೇ ಮಗಳು ಮೀನಲ ಕಾಕಾ ಕಾಕಾ ಎಂದು ಕೊಟ್ಟಿಗೆಯಲ್ಲೇ ಆಡಿಕೊಂಡಿರುತ್ತಿದ್ದಳು. ಆ ಮನೆಯಲ್ಲಿ ಅವನಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ಒಂದು ಸಂಜೆ ವೈಜನಾಥ ಮತ್ತು ಅವನ ಹೆಂಡತಿ ನಿಲಂಗಾದಲ್ಲಿ ನೆಂಟರ ಹೊಸ ಮನೆಯ ವಾಸ್ತುಶಾಂತಿ ಮುಗಿಸಿಕೊಂಡು ಮೋಟರ್ ಸೈಕಲ್ಲಿನಲ್ಲಿ ಹಿಂದಿರುಗುತ್ತಿದ್ದರು. ಕಬ್ಬು ಹೇರಿದ ಟ್ರಾಲಿಯೊಂದು ಹಿಂದೆ ಕೆಂಪು ದೀಪವೂ ಇಲ್ಲದೆ ರಸ್ತೆಯಲ್ಲಿ ನಿಂತಿತ್ತು. ಗಾಡಿ ಅದಕ್ಕೆ ಬಡಿದು ಇಬ್ಬರೂ ಅಲ್ಲೇ ಹೋದರು. ಮೀನಲ ಅವರ ಜೊತೆ ಹೋಗಬೇಕಿತ್ತು. ಹಸು ಕರು ಹಾಕುವುದನ್ನು ನೋಡಬೇಕೆಂದು ಹಟ ಮಾಡಿ ಕಾಕಾನ ಜೊತೆ ಉಳಿದಿದ್ದಳು. ಆಗ ಅವಳಿಗೆ ಹನ್ನೊಂದು ವರ್ಷ.

ದಿವಸ ಕಾರ್ಯ ಮುಗಿದ ಮೇಲೆ ಮೀನಲಳ ಮಾವಶಿ, ಅಂದರೆ ತಾಯಿಯ ಅಕ್ಕ, ಗುಂಜೋಟಿಯ ಶೇವಂತಾಬಾಯಿ, ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಕೆಟ್ಟ ಹೆಂಗಸಲ್ಲ. ತಂಗಿಯ ಮೇಲೆ ಜೀವ ಇಟ್ಟುಕೊಂಡಿದ್ದವಳು. ಆದರೆ ಮೀನಲ ಬಾಗಿಲಿನ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ನಾ ಕಾಕಾನ ಬಲ್ಲಿ ಇರ್ತೀನಿ. ಎಲ್ಲೂ ಹೋಗಂಗಿಲ್ಲ."

ಶೇವಂತಾಬಾಯಿ ಅತ್ತುಕೊಂಡು ಒಬ್ಬಳೇ ಬಸ್ ಹತ್ತಿದಳು.

ಅಲ್ಲಿಂದ ವೀರಭದ್ರಪ್ಪ ಹೊಸದಾಗಿ ಬದುಕು ಕಲಿತ. ರೊಟ್ಟಿ ಬಡಿಯುವುದು ಬಾರದೆ ಮೊದಮೊದಲು ಬರೀ ಅನ್ನ ಮಾಡಿ ಹಾಕಿದ. ನೆರೆಮನೆಯ ಮಾಣಿಕಮ್ಮ ಕೈಹಿಡಿದು ಕಲಿಸಿದ ಮೇಲೆ ರೊಟ್ಟಿ ದುಂಡಗೆ ಬರತೊಡಗಿದವು. ಜಡೆ ಹಾಕುವುದು ಮಾತ್ರ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಗ್ಗ ಹೊಸೆದು ಪಳಗಿದ ಕೈ. ಬಿಗಿದನೆಂದರೆ ಸಂಜೆಯವರೆಗೆ ಒಂದು ಎಳೆ ಕದಲುತ್ತಿರಲಿಲ್ಲ.

"ಕಾಕಾ, ಇದು ಎತ್ತಿನ ಹಗ್ಗ ಅಲ್ಲ. ಜರಾ ಸಡಲ ಬಿಡು, ಕಣ್ಣು ಎಳಿಲತ್ತಾವ" ಎಂದು ಮೀನಲ ಕೂಗುತ್ತಿದ್ದಳು.

ಇನ್ನೊಂದು ದಿನವೂ ಬಂತು. ಮೀನಲ ಕೊಟ್ಟಿಗೆಯ ಹಿಂದೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಏನಾಯಿತೆಂದು ಕೇಳಿದರೆ, "ನಂಗ ಏನೋ ಆಗ್ಯಾದ ಕಾಕಾ, ನಾ ಸಾಯ್ತೀನಿ" ಎಂದು ಬಿಕ್ಕಿದಳು. ವೀರಭದ್ರಪ್ಪ ಒಂದು ಕ್ಷಣ ನಿಂತು, ತಿಳಿದುಕೊಂಡು, ಮಾಣಿಕಮ್ಮನ ಮನೆಗೆ ಓಡಿದ. ಅವಳು ಬಂದು ಹುಡುಗಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಅವನು ಮೆಡಿಕಲ್ ಅಂಗಡಿಗೆ ಹೋಗಿ, ಇದ್ದ ಗಿರಾಕಿಗಳೆಲ್ಲ ಹೋಗುವವರೆಗೂ ಕೆಮ್ಮಿನ ಔಷಧಿಯ ಬಾಟಲಿಗಳನ್ನು ನೋಡುತ್ತ ನಿಂತು, ಕೊನೆಗೆ "ಹೆಣ್ಮಕ್ಕಳದು ಅದು ಕೊಡ್ರಿ" ಎಂದ. ಅಂಗಡಿಯವನು ಪತ್ರಿಕೆಯಲ್ಲಿ ಸುತ್ತಿಕೊಟ್ಟ. ಆಮೇಲೆ ಪ್ರತಿ ತಿಂಗಳೂ ಆ ಪೊಟ್ಟಣ ಮೀನಲ ಕೇಳುವ ಮೊದಲೇ ಅವಳು ಮಲಗುವ ಒಳಖೋಲಿಯ ಕಪಾಟಿನಲ್ಲಿ ಬಂದು ಕೂರುತ್ತಿತ್ತು. ಅದರ ಬಗ್ಗೆ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಮೀನಲ ಎಂಟನೇ ಇಯತ್ತೆಗೆ ಹೋದಾಗ ಶಾಲೆಯ ಮುಖ್ಯಾಧ್ಯಾಪಕರು ವೀರಭದ್ರಪ್ಪನನ್ನು ಕರೆಸಿ ಹೇಳಿದರು. ತಂದೆತಾಯಿ ಇಲ್ಲದ ಮಗುವಿಗೆ ಪಾಲಕನೆಂದು ಸಹಿ ಹಾಕಲು ಕಾಕಾ ಆಗಿದ್ದರೆ ಸಾಲದು, ಕೋರ್ಟು ಆ ಹಕ್ಕನ್ನು ಕೊಡಬೇಕು, ಮುಂದೆ ಕಾಲೇಜಿಗೆ, ಹೊಲದ ಹಕ್ಕಿಗೆ, ಎಲ್ಲದಕ್ಕೂ ಅದು ಬೇಕಾಗುತ್ತದೆ. ಒಳ್ಳೆಯ ಮಾತೇ. ವೀರಭದ್ರಪ್ಪ ಉದಗೀರಿಗೆ ಹೋಗಿ ಅಮರನಾಥ ಎಂಬ ವಕೀಲರನ್ನು ಕಂಡ. ಅರ್ಜಿ ಹಾಕಿದರು. ಹತ್ತಿರದ ಸಂಬಂಧಿಕರಿಗೆಲ್ಲ ಕೋರ್ಟಿನಿಂದ ನೋಟಿಸು ಹೋಯಿತು. ಗುಂಜೋಟಿಯಿಂದ ಶೇವಂತಾಬಾಯಿ ತಕರಾರು ಹಾಕಿದಳು: ಹುಡುಗಿ ನನ್ನ ಬಳಿ ಇರಬೇಕು, ಆ ಮನೆಯಲ್ಲಿ ಹೆಂಗಸಿಲ್ಲ.

ಕಟಕಟೆ ಹತ್ತಿ ಜವಾಬು ಕೊಡುವ ದಿನ ವೀರಭದ್ರಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೋಪಿ ಹಾಕಿಕೊಂಡು ಹೋದ. ಮೀನಲ ಹೊರಗೆ ವರಾಂಡದ ಬೆಂಚಿನ ಮೇಲೆ ಕುಳಿತಿದ್ದಳು. ಕೋರ್ಟಿನಲ್ಲಿ ಬೇರೆ ಬೇರೆ ಖಟ್ಲೆಗಳಿಗೆ ಬಂದ ಜನ ತುಂಬಿದ್ದರು, ವಲಾಂಡಿಯವರೂ ಇದ್ದರು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಅಮರನಾಥರು ಕೇಳಿದ್ದಕ್ಕೆಲ್ಲ ಅವನು ಸರಿಯಾಗಿಯೇ ಹೇಳಿದ. ಆಮೇಲೆ ಶೇವಂತಾಬಾಯಿಯ ವಕೀಲರು ಎದ್ದರು. ಮೆಲುದನಿಯ ಮನುಷ್ಯ.

"ಮನೆಯಲ್ಲಿ ಎಷ್ಟು ಖೋಲಿ?"

"ಎರಡು ರೀ."

"ಹೆಣ್ಣುಮಕ್ಕಳು ಯಾರಿದ್ದಾರೆ?"

"ಮೀನಲ ಅದಾಳ್ರಿ."

ಹಿಂದೆ ಯಾರೋ ನಕ್ಕರು.

"ಅವಳನ್ನು ಬಿಟ್ಟು?"

"ಯಾರೂ ಇಲ್ರಿ."

"ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಆ ವೇಳೆಗೆ ಅವಳನ್ನು ನೋಡಿಕೊಂಡವರು ಯಾರು?"

ವೀರಭದ್ರಪ್ಪ ಬಾಯಿ ತೆರೆದ. ಮಾಣಿಕಮ್ಮ ಎನ್ನಬಹುದಿತ್ತು. ನಾನೇ ಎನ್ನಬಹುದಿತ್ತು. ಆದರೆ ಇಷ್ಟು ಗಂಡಸರ ನಡುವೆ ಆ ಮಾತು ಹೊರಗೆ ಬರಲಿಲ್ಲ.

"ಮದುವೆಯಾಗದ ಗಂಡಸು. ಎರಡೇ ಖೋಲಿ. ವಯಸ್ಸಿಗೆ ಬಂದ ಹುಡುಗಿ. ಇದು ಸರಿ ಅನಿಸುತ್ತದಾ ನಿಮಗೆ?" ಎಂದರು ವಕೀಲರು.

ನ್ಯಾಯಾಧೀಶೆ ತಲೆಯೆತ್ತಿ, ಪ್ರಶ್ನೆ ಸಾಕು, ಮುಂದೆ ಹೋಗಿ ಎಂದರು. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ವೀರಭದ್ರಪ್ಪ ಕಟಕಟೆಯ ಕಟ್ಟಿಗೆಯನ್ನು ಹಿಡಿದು ಕೆಳಗೆ ನೋಡುತ್ತ ನಿಂತಿದ್ದ. ಮುಂದೆ ಏನು ಕೇಳಿದರು, ತಾನು ಏನು ಹೇಳಿದೆ ಎಂಬುದು ಅವನಿಗೆ ನೆನಪಿಲ್ಲ. ಹೊರಗೆ ಬಂದಾಗ ಮೀನಲ ಓಡಿ ಬಂದು ತೋಳು ಹಿಡಿದಳು. ಅವನು ಜನ ನೋಡುತ್ತಿದ್ದಾರೆಯೇ ಎಂದು ಮೊದಲು ಸುತ್ತ ನೋಡಿದ. ಆಮೇಲೆ ತೋಳು ಬಿಡಿಸಿಕೊಂಡ.

ಆ ಮಾತು ಅವನಿಗಿಂತ ಮೊದಲು ಊರು ಸೇರಿತು. ಯಾರೂ ಅವನ ಮೇಲೆ ಏನನ್ನೂ ಹೊರಿಸಲಿಲ್ಲ. ಚಹಾದ ಅಂಗಡಿಯಲ್ಲಿ ಓಂಪ್ರಕಾಶ ಎಂಬವನು, ಚಿಕ್ಕಂದಿನಿಂದ ಜೊತೆಗೆ ಬೆಳೆದವನೇ, "ಏನ್ ವೀರಭದ್ರಾ, ಮೂರನೇ ಖೋಲಿ ಯಾವಾಗ ಕಟ್ಟಸ್ತಿ?" ಎಂದ. ನಾಲ್ಕು ಜನ ನಕ್ಕರು. ಅಷ್ಟೇ. ಓಂಪ್ರಕಾಶ ಮರುಗಳಿಗೆಯಲ್ಲಿ ಸೋಯಾಬೀನ್ ರಾಶಿಯ ಮಾತಿಗೆ ಹೋದ. ವೀರಭದ್ರಪ್ಪ ಅರ್ಧ ಚಹಾ ಅಲ್ಲೇ ಇಟ್ಟು ಎದ್ದು ಬಂದ. ಮತ್ತೆ ಆ ಅಂಗಡಿಗೆ ಹೋಗಲಿಲ್ಲ.

ಅವನು ಹಾಸಿಗೆಯನ್ನು ಹೊರಖೋಲಿಯಿಂದ ಕೊಟ್ಟಿಗೆಗೆ ಒಯ್ದ. ಜಡೆ ಹಾಕುವುದನ್ನು ಬಿಟ್ಟ. ಮಾಣಿಕಮ್ಮನ ಬಳಿ ಹೋಗು ಎಂದ. ಮೀನಲ ಪುಸ್ತಕ ಹಿಡಿದು ಪಕ್ಕದಲ್ಲಿ ಬಂದು ಕುಳಿತರೆ ಏನೋ ಕೆಲಸ ನೆನಪಾದವನಂತೆ ಏಳುತ್ತಿದ್ದ. ರೊಟ್ಟಿ ಮಾಡಿಟ್ಟು, ತಾನು ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತು ಉಣ್ಣುತ್ತಿದ್ದ. ತಲೆಬಾಗಿಲನ್ನು ಹಗಲೆಲ್ಲ ತೆರೆದೇ ಇಡುತ್ತಿದ್ದ. ಕಪಾಟಿನಲ್ಲಿ ಪೊಟ್ಟಣ ಬಂದು ಕೂರುವುದೂ ನಿಂತಿತು. ಒಂದು ತಿಂಗಳು ಮೀನಲ ಕಾದಳು. ಆಮೇಲೆ ಮಾಣಿಕಮ್ಮನನ್ನು ಕೇಳಿದಳು.

ಶೇವಂತಾಬಾಯಿಗೆ ಫೋನು ಮಾಡಿದವನು ಅವನೇ.

"ಅಕ್ಕಾ, ಪೋರಿಗಿ ಕರಕೊಂಡು ಹೋಗ್ರಿ."

ಆಕೆಗೆ ನಂಬಲಾಗಲಿಲ್ಲ. "ಖರೇನೇ ಹೇಳ್ಲತ್ತೀರೇನ್ರಿ?"

"ಖರೇ. ನಂದು ಏನೂ ತಕರಾರ ಇಲ್ಲ."

ಅಮರನಾಥರಿಗೂ ಅರ್ಜಿ ಹಿಂತೆಗೆದುಕೊಳ್ಳಲು ಹೇಳಿದ. ಅವರು ಹ್ಞೂಂ ಎಂದರು. ಆದರೆ ಅವನ ಮನಸ್ಸು ಬದಲಾದೀತೆಂದು ಹಿಂತೆಗೆಯದೆ, ಒಂದೊಂದು ನೆಪ ಹೇಳಿ ತಾರೀಖು ಮುಂದೂಡುತ್ತ ಬಂದರು.

ಶೇವಂತಾಬಾಯಿ ಬಂದ ದಿನ ಮೀನಲ ಈ ಸಲ ಚೌಕಟ್ಟು ಹಿಡಿಯಲಿಲ್ಲ. ಚೀಲ ತುಂಬಿಕೊಂಡು ಕೊಟ್ಟಿಗೆಗೆ ಬಂದಳು.

"ನಾ ಏನ್ ತಪ್ಪು ಮಾಡೀನಿ ಕಾಕಾ?"

"ತಪ್ಪು ಏನಿಲ್ಲ. ಅಲ್ಲಿ ಶಾಳಾ ಛಲೋ ಅದ."

"ಮೊದಲ ಇಲ್ಲಿ ಶಾಳಾ ಛಲೋ ಅದ ಅಂತಿದ್ದಿ."

ಅವನು ಹಸುವಿನ ಮೈ ತಿಕ್ಕುತ್ತಲೇ ಇದ್ದ. ಅವಳು ಚೀಲ ಎತ್ತಿಕೊಂಡು ಹೋದಳು. ಬಸ್‌ಸ್ಟ್ಯಾಂಡಿನವರೆಗೂ ಕಳಿಸಲು ಅವನು ಹೋಗಲಿಲ್ಲ. ಅಲ್ಲಿ ಜನರಿರುತ್ತಾರೆ.

ಹುಡುಗಿ ಹೋದ ಮೇಲೆ ನೆಮ್ಮದಿ ಆಗುತ್ತದೆ ಎಂದುಕೊಂಡಿದ್ದ. ಆಯಿತು ಕೂಡ, ಒಂದೆರಡು ದಿನ. ರಸ್ತೆಯಲ್ಲಿ ತಲೆಯೆತ್ತಿ ನಡೆದ. ಆಮೇಲೆ ಮನೆ ಅವನನ್ನು ತಿನ್ನತೊಡಗಿತು. ರೊಟ್ಟಿ ಬಡಿಯುವುದು ಬೇಜಾರಾಗಿ ಮತ್ತೆ ಬರೀ ಅನ್ನಕ್ಕೆ ಬಂದ. ಮಾಣಿಕಮ್ಮ ಅವನ ಜೊತೆ ಮಾತು ಬಿಟ್ಟಿದ್ದಳು. ಒಮ್ಮೆ ಮಾತ್ರ ಕಟ್ಟೆಯ ಮೇಲಿಂದ, "ನಿನಗ ನಿನ್ನ ಹೆಸರು ಉಳೀತಲ್ಲ, ಈಗ ಅದನ್ನೇ ಕಟಗೊಂಡು ಕೂಡು" ಎಂದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಶೇವಂತಾಬಾಯಿ ಹೇಳದೆ ಕೇಳದೆ ಬಂದಳು. ಗುಂಜೋಟಿಯಿಂದ ಉಮರ್ಗಾ, ಅಲ್ಲಿಂದ ನಿಲಂಗಾ, ಅಲ್ಲಿಂದ ವಲಾಂಡಿ, ಮೂರು ಬಸ್ ಬದಲಿಸಿ ಒಬ್ಬಳೇ ಬಂದಿದ್ದಳು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಪೋರಿ ಬರಾಬ್ಬರ ಉಣಲ್ಲ ರೀ. ಶಾಳಾಕ್ಕ ಹೋಗ್ತಾಳ, ಬರ್ತಾಳ, ಮೂಲ್ಯಾಗ ಕೂಡ್ತಾಳ. ತಿಂಗಳಾಗ ಆ ನಾಕ್ ದಿನ ಬಂದ್ರ ಯಾರಿಗೂ ಮುಟ್ಟಲ್ಲ. ನಮ್ಮ ಮನ್ಯಾಗ ಮುಟ್ಟು-ಮೈಲಿಗಿ ಅಂತ ಏನೂ ಪಾಳಸಂಗಿಲ್ಲ. ಯಾಕ ಅಂತ ಕೇಳ್ದ್ರ ಏನಂದಳು ಗೊತ್ತದಾ?"

ವೀರಭದ್ರಪ್ಪ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟ.

"'ಮಾವಶಿ, ನಾ ದೊಡ್ಡಾಕಿ ಆದ ಮ್ಯಾಲ ಕಾಕಾಗ ಹೊಲಸ ಅನಸ್ಲತ್ತೀನಿ. ಅದ್ಕೇ ಮನಿ ಬಿಡಸ್ಯಾನ' ಅಂದಳು."

ವೀರಭದ್ರಪ್ಪ ಕುಳಿತಲ್ಲಿಯೇ ಮುಂದಕ್ಕೆ ಬಾಗಿ, ಎರಡೂ ಕೈಗಳಿಂದ ತಲೆ ಹಿಡಿದುಕೊಂಡ. ಕೋರ್ಟಿನಲ್ಲಿ ಆದದ್ದನ್ನು ಅವನು ನಾಚಿಕೆ ಎಂದುಕೊಂಡಿದ್ದ. ಈಗ ಅನಿಸಿದ್ದರ ಮುಂದೆ ಅದು ಏನೂ ಅಲ್ಲ. ಪಕ್ಕದಿಂದ ಎದ್ದುಹೋದದ್ದು, ತೋಳು ಬಿಡಿಸಿಕೊಂಡದ್ದು, ಹಸುವಿನ ಮೈ ತಿಕ್ಕುತ್ತ ಮುಖ ಎತ್ತದೆ ನಿಂತದ್ದು, ಎಲ್ಲವನ್ನೂ ಆ ಮಗು ನೋಡುತ್ತಿತ್ತು. ನೋಡಿ, ತನ್ನ ಮೈಯಲ್ಲೇ ಏನೋ ದೋಷವಿದೆ ಎಂದು ತಿಳಿದುಕೊಂಡಿತ್ತು.

"ನಂದೂ ತಪ್ಪದ ರೀ" ಎಂದಳು ಶೇವಂತಾಬಾಯಿ. "ಆ ವಕೀಲಗ ಮನ್ಯಾಗ ಹೆಣ್ಣಾಳ ಇಲ್ಲ ಅಂತ ಹೇಳ್ದಾಕಿ ನಾನೇ. ಅಂವಾ ಹಂಗ ಕೇಳ್ತಾನ ಅಂತ ಗೊತ್ತಿರಲಿಲ್ಲ. ಆದ್ರ ಕೇಳ್ದಾಗ ನಾ ಅಲ್ಲೇ ಕುಂತಿದ್ದೆ. 'ಬ್ಯಾಡ' ಅನ್ನಲಿಲ್ಲ. ಗೆಲ್ತೀನಿ ಅನಸ್ತು ನಂಗ. ಸುಮ್ಮ ಕುಂತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಅವಳೇ, "ನೀವು ಬಂದು ಒಂದ್ ಮಾತು ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ" ಎಂದಳು.

ಅವನು ಮರುದಿನವೇ ಗುಂಜೋಟಿಗೆ ಹೋದ. ಮೀನಲ ಹೊರಗೆ ಬರಲಿಲ್ಲ. ಬಾಗಿಲಿನ ಆಚೆಯಿಂದ ಕೇಳಿದಳು.

"ಯಾಕ ಬಂದಿ?"

"ನಿನಗ ಕರಕೊಂಡು ಹೋಗಾಕ."

"ಮತ್ತ ಕಳಸ್ತಿ. ನಾ ಬರಂಗಿಲ್ಲ."

"ಕಳಸಂಗಿಲ್ಲ ಅವ್ವಾ."

"ಮೊದಲ ಯಾಕ ಕಳಿಸ್ದಿ ಹೇಳು."

ಹದಿಮೂರು ವರ್ಷದ ಹುಡುಗಿಗೆ ಏನೆಂದು ಹೇಳುವುದು? ಜನ ನನ್ನನ್ನೂ ನಿನ್ನನ್ನೂ ಸೇರಿಸಿ ಏನು ಅಂದುಕೊಂಡಾರೋ ಎಂದು ಹೆದರಿದೆ ಎಂದರೆ, ಆ ಹೊಲಸನ್ನು ಅವಳ ಕಿವಿಗೆ ತಾನೇ ಹಾಕಿದಂತೆ. ಹೇಳದಿದ್ದರೆ ತಪ್ಪು ಅವಳ ಮೇಲೆಯೇ ಉಳಿಯುತ್ತದೆ. ಕಡೆಗೆ ಏನೂ ಹೇಳಲಾರದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಅಮರನಾಥರ ಬಳಿ ಹೋಗಿ, ಅರ್ಜಿ ಮತ್ತೆ ಹಾಕಲು ಬರುತ್ತದೆಯೇ ಎಂದು ಕೇಳಿದ. ಹಾಕಿದ್ದೇ ಇದೆ, ಇನ್ನೂ ತೆಗೆದಿಲ್ಲ ಎಂದರು ಅವರು. ಶೇವಂತಾಬಾಯಿ ತನ್ನ ತಕರಾರು ಬಿಟ್ಟಳು. ನ್ಯಾಯಾಧೀಶೆ ಮೊದಲು ಹುಡುಗಿಯ ಮಾತು ಕೇಳಬೇಕೆಂದು ಮೀನಲಳನ್ನು ತಮ್ಮ ಒಳಕೋಣೆಗೆ ಕರೆಸಿ, ಬಾಗಿಲು ಹಾಕಿಕೊಂಡು, ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದು ಪೀಠದಲ್ಲಿ ಕುಳಿತ ಮೇಲೆ ವೀರಭದ್ರಪ್ಪನನ್ನು ಕರೆದರು.

"ಹುಡುಗಿ ನಿಮ್ಮ ಬಳಿ ಇರಲು ತಯಾರಿದ್ದಾಳೆ. ಆದರೆ ಮೊದಲು ಅವಳಿಗೆ ಒಂದು ಉತ್ತರ ಬೇಕಂತೆ. ಯಾಕೆ ಕಳಿಸಿದಿರಿ? ಇಲ್ಲಿ ಹೇಳಲು ಕಷ್ಟವಾದರೆ ಒಳಗೆ ಬಂದು ಹೇಳಬಹುದು."

ವೀರಭದ್ರಪ್ಪ ಹಿಂದಕ್ಕೆ ತಿರುಗಿ ನೋಡಿದ. ಅವತ್ತಿನಷ್ಟೇ ಜನ. ಗೋಡೆಗೆ ಒರಗಿ ಮೀನಲ ನಿಂತಿದ್ದಳು, ಕಣ್ಣು ನೆಲದ ಮೇಲೆ.

"ಇಲ್ಲೇ ಹೇಳ್ತೀನ್ರಿ ಸಾಹೇಬ್ರ. ಅವತ್ತ ಇಲ್ಲೇ ಬಾಯಿ ಮುಚ್ಚೀನಿ" ಎಂದ. ಮರಾಠಿಯಲ್ಲಿ ಶುರುಮಾಡಿದವನು ಎರಡನೇ ಮಾತಿಗೇ ಕನ್ನಡಕ್ಕೆ ಬಂದುಬಿಟ್ಟ. ನ್ಯಾಯಾಧೀಶೆ ತಡೆಯಲಿಲ್ಲ. ಅಮರನಾಥರಿಗೆ, ನೀವು ತಿಳಿಸುತ್ತ ಹೋಗಿ ಎಂದು ಸನ್ನೆ ಮಾಡಿದರು.

"ನನಗ ಅವತ್ತ ಒಂದು ಮಾತು ಕೇಳಿದ್ರಿ. ಜವಾಬ ನನ್ನ ಬಲ್ಲಿ ಇತ್ತು. ನಮ್ಮ ಅಣ್ಣನ ಮಗಳಿಗಿ ಏನ್ ಬೇಕೋ ನಾನೇ ನೋಡೀನಿ, ಮಾಣಿಕಮ್ಮ ಜೊತಿಗಿದ್ದಳು. ಅದರಾಗ ಮುಚ್ಚೋದು ಏನೂ ಇರಲಿಲ್ಲ. ಆದ್ರ ಮಂದಿ ನಕ್ಕರು. ನಂಗ ನಾಚಿಕಿ ಬಂತು. ನನ್ನ ಮರ್ಯಾದಿ ಉಳಿಲಿ ಅಂತ ಪೋರಿಗಿ ಮನಿ ಬಿಡಸೀನಿ. ತಾಯಿ ಇಲ್ಲ, ತಂದಿ ಇಲ್ಲ, ಅಂಥಾಕಿಗಿ. ಆಕೀದು ತಿಲಮಾತ್ರ ತಪ್ಪಿಲ್ಲರಿ. ನಾಚಿಕಿ ಎಲ್ಲಾ ನಂದು, ಆಕೀದಲ್ಲ. ಇದನ್ನ ಬರಕೋರಿ."

ಯಾರೂ ನಗಲಿಲ್ಲ. ಅವನು ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡ. ಶೇವಂತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಆ ತಿಂಗಳಲ್ಲೇ ವೀರಭದ್ರಪ್ಪನನ್ನು ಮೀನಲಳ ಪಾಲಕನೆಂದು ನೇಮಿಸಿ ಹುಕುಂ ಆಯಿತು. ಮೀನಲ ಕೂಡಲೇ ಬರಲಿಲ್ಲ. ಪರೀಕ್ಷೆ ಮುಗಿಸಿಯೇ ಬರುತ್ತೇನೆ ಎಂದಳು. ಅದು ಪರೀಕ್ಷೆಗಾಗಿ ಮಾತ್ರವಲ್ಲ ಎಂಬುದು ಅವನಿಗೆ ಗೊತ್ತಿತ್ತು. ರಜೆಯಲ್ಲಿ ಬಂದಳು. ಚೀಲವನ್ನು ಒಳಖೋಲಿಯಲ್ಲಿಟ್ಟು ಮೊದಲು ಕೊಟ್ಟಿಗೆಗೆ ಹೋದಳು. ಅವನ ಹಾಸಿಗೆ ಅಲ್ಲಿಯೇ ಇರುವುದನ್ನು ಕಂಡು ಸುತ್ತಿ, ತಾನೇ ಹೊತ್ತು ತಂದು ಹೊರಖೋಲಿಯಲ್ಲಿ ಹಾಕಿದಳು.

ಆದರೂ ಎಲ್ಲ ಮೊದಲಿನ ಹಾಗೆ ಆಗಲಿಲ್ಲ. ಜಡೆಯನ್ನು ಅವಳು ತಾನೇ ಹಾಕಿಕೊಳ್ಳುತ್ತಾಳೆ, ಒಂದೇ ಜಡೆ, ಸಡಿಲ. ಮಾತಿನ ನಡುವೆ ಅವನು ಏಕಾಏಕಿ ಎದ್ದರೆ ಅವಳ ಮುಖ ಒಂದು ಗಳಿಗೆ ಬಿಗಿಯುತ್ತದೆ. ಅದಕ್ಕೇ ಅವನು ಏಳುವ ಮೊದಲು, ದನಕ್ಕೆ ಮೇವು ಹಾಕಬೇಕು, ಮೋಟರ್ ಬಂದ್ ಮಾಡಬೇಕು ಎಂದು ಕಾರಣ ಹೇಳಿಯೇ ಏಳುವುದನ್ನು ರೂಢಿ ಮಾಡಿಕೊಂಡಿದ್ದಾನೆ. ಓಂಪ್ರಕಾಶ ಒಮ್ಮೆ ದಾರಿಯಲ್ಲಿ ತಡೆದು, ನಾನು ತಮಾಷೆಗೆ ಅಂದದ್ದು ಮಾರಾಯಾ ಎಂದ. ಹೌದು ಗೊತ್ತದ ಎಂದು ವೀರಭದ್ರಪ್ಪ ಮುಂದೆ ನಡೆದ.

ಮೀನಲ ಈಗ ಉದಗೀರಿನ ಕಾಲೇಜಿನಲ್ಲಿ ಓದುತ್ತಾಳೆ. ದೀಪಾವಳಿಗೆ ಹದಿನೆಂಟು ತುಂಬುತ್ತದೆ, ಕೋರ್ಟು ಕೊಟ್ಟ ಪಾಲಕತ್ವ ಅಲ್ಲಿಗೆ ಮುಗಿಯುತ್ತದೆ. ಕಟಕಟೆಯಲ್ಲಿ ಅವನು ಆಡಿದ್ದು ನ್ಯಾಯಾಧೀಶರಿಗೆ ಹೇಳಿದ ಮಾತು. ಮೀನಲಳ ಮುಖ ನೋಡಿ ಅದನ್ನು ಇನ್ನೂ ಹೇಳಿಲ್ಲ. ಅದು ಅವನನ್ನು ಇವತ್ತಿಗೂ ಚುಚ್ಚುತ್ತದೆ. ಹೋದ ಭಾನುವಾರ ಅವಳು ಬಂದಾಗ, ಇಬ್ಬರೂ ಬಾವಿಯ ಹತ್ತಿರ ದನಗಳ ಜೊತೆ ನಿಂತಿದ್ದಾಗ, ಧೈರ್ಯ ಮಾಡಿ ಆರಂಭಿಸಿದ್ದ.

"ಮೀನಲ್, ಆವಾಗ ನಾ ನಿನಗ..."

"ಇರ್ಲಿ ಕಾಕಾ" ಎಂದಳು ಅವಳು, ಅವನ ಕಡೆ ನೋಡದೆ. "ಆ ಕರು ನೀರು ಕುಡದಂಗ ಕಾಣಲ್ಲ. ನೋಡು ಜರಾ."

ಅವನು ನೋಡಲು ಹೋದ.